ಮನೆಬೈಗುಳ

ನಮ್ಮೂರಿನ ದೊಡ್ಡ ಬಾಗಿಲಲ್ಲಿ ಒಂದು ಸಣ್ಣ ಬಾಗಿಲಿದೆ. ಗಾಡಿ, ದನ, ಮದುವೆಯ ದಿಬ್ಬಣ ಎಲ್ಲವೂ ದೊಡ್ಡ ಬಾಗಿಲಿನಿಂದ ಓಡಾಡುತ್ತವೆ. ಹೊತ್ತು ಮೀರಿ ಬಂದವರು ಮಾತ್ರ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಈ ಸಣ್ಣದರಿಂದ ನುಸುಳುತ್ತಾರೆ. ಅದನ್ನು ದಿಡ್ಡಿ ಎನ್ನುತ್ತಾರೆ. ದಿಡ್ಡಿಯ ಒಳಮಗ್ಗುಲಲ್ಲಿ, ಕೋಟೆಗೋಡೆಯ ದಪ್ಪದಲ್ಲಿಯೇ ಕೊರೆದ ಒಂದು ಕೋಣೆ. ಕೋಣೆಯಲ್ಲಿ ಒಲೆ, ಮಂಚ, ಕಂದೀಲು, ಹಗ್ಗದ ಮೇಲೆ ಎಂದೂ ಪೂರ್ತಿ ಒಣಗದ ಬಟ್ಟೆ. ಅಲ್ಲಿ ಬಾಗಿಲಕ್ಕ ಇದ್ದಾಳೆ.

ನಿನ್ನ ಕೆಲಸ ಏನಕ್ಕಾ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತದೆ. "ಬೈಸ್ಕೊಳ್ಳೋದು. ಸಂಜೆಯಾದ್ರೆ ಸಾಕು, ಊರೆಲ್ಲ ಬಂದು ನನ್ನನ್ನ ಬೈದು ಹೋಗುತ್ತೆ. ಸುಮ್ಮನೆ ಬೈತಾರೆ ಅಂದ್ಕೋಬೇಡ, ಅದಕ್ಕೆ ಹಗಲೆಲ್ಲ ನಾನು ಎಷ್ಟು ದುಡೀಬೇಕು ಗೊತ್ತಾ?"

ಅವಳು ತಮಾಷೆಗೆ ಹೇಳುವ ಮಾತಲ್ಲ ಇದು. ಆದರೆ ಅರ್ಥವಾಗಬೇಕಾದರೆ ಮೊದಲು ಮಂಜಿನ ವಿಷಯ ತಿಳಿದಿರಬೇಕು.

ನಮ್ಮದು ಬಿಸಿಲಿನ ಊರಲ್ಲ. ಗೋಡೆ ಅಷ್ಟು ಎತ್ತರ, ಬೀದಿ ಅಷ್ಟು ಇಕ್ಕಟ್ಟು. ಸೂರ್ಯ ನೆತ್ತಿಗೆ ಬಂದಾಗ ಒಂದು ಬಿಸಿಲಿನ ಪಟ್ಟೆ ಬೀದಿಗೆ ಇಳಿದು, ಅವಸರದ ನೆಂಟನ ಹಾಗೆ ಕೂತೂ ಕೂರದೆ ಎದ್ದುಹೋಗುತ್ತದೆ. ಹೆಂಗಸರು ಮಕ್ಕಳ ಹಾಸಿಗೆಬಟ್ಟೆ ಹಿಡಿದು ಅದರ ಹಿಂದೆಯೇ ಮನೆಯಿಂದ ಮನೆಗೆ ಸರಿಯುತ್ತಾರೆ. ಮೆಟ್ಟಿಲ ಮೇಲೆ ಪಾಚಿ, ಕಿಟಕಿಗೆ ಕಬ್ಬಿಣದ ಸರಳು, ಸೂರಿನಲ್ಲಿ ಕಾಗೆ. ಸಂಜೆಗೆ ಕೆಳಗಿನ ಜೌಗಿನಿಂದ ಮಂಜು ಏಳುತ್ತದೆ. ಮೊದಲು ದಾರಿ ಅಳಿಸಿಹೋಗುತ್ತದೆ, ಆಮೇಲೆ ದಾರಿಬದಿಯ ಮರಗಳು, ಕೊನೆಗೆ ಗೋಡೆಯ ಬುಡ. ಮಂಜು ಗೋಡೆ ಮುಟ್ಟಿತೆಂದರೆ ಬುರುಜಿನ ಮೇಲಿರುವ ಗಂಟೆಯಜ್ಜ ಗಂಟೆ ಹೊಡೆಯುತ್ತಾನೆ. ದೊಡ್ಡ ಬಾಗಿಲು ಮುಚ್ಚುತ್ತದೆ.

ಆಮೇಲೆ ಹೊರಗಿನಿಂದ ದನಿಗಳು ಬರತೊಡಗುತ್ತವೆ.

ಅದೇನೆಂದು ಯಾರೂ ಕಂಡಿಲ್ಲ. 'ಹೊರಗಿನದು' ಎನ್ನುತ್ತಾರೆ, ಅಷ್ಟೆ. ಮಂಜಿನಲ್ಲಿ ರಾತ್ರಿ ಕಳೆದವರು ಬೆಳಿಗ್ಗೆ ಸಿಗುವುದಿಲ್ಲ. ಚಪ್ಪಲಿ ಸಿಗುತ್ತದೆ, ಕೈಯಲ್ಲಿದ್ದ ಚೀಲ ಸಿಗುತ್ತದೆ. ಮರುದಿನದಿಂದ ಅವರ ದನಿ ಗೋಡೆಯಾಚೆ ಓಡಾಡುತ್ತದೆ. ಮನೆಯಲ್ಲೇ ಮಂಚದ ಮೇಲೆ ಕಣ್ಣು ಮುಚ್ಚಿದವರ ದನಿಯೂ ಅದಕ್ಕೆ ಬರುತ್ತದೆ, ಬದುಕಿರುವವರ ದನಿಯೂ ಬರುತ್ತದೆ. ಹೊರಗೆ ನಿಂತು ಒಮ್ಮೆ ಆಡಿದ ಮಾತು ಅದರ ಕಿವಿಗೆ ಬಿದ್ದರೆ ಸಾಕು, ಹಾಗೆಯೇ ಎತ್ತಿಕೊಳ್ಳುತ್ತದೆ.

ತಾನಾಗಿ ಆಡಲು ಅದಕ್ಕೆ ಗೊತ್ತಿರುವುದು ಒಂದೇ ಬಗೆಯ ಮಾತು. ಬಾ ಚಿನ್ನ. ಬಾಗಿಲು ತೆಗಿ ಬಂಗಾರ. ನಾನು ಬಂದೆ ನೋಡು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಅದಕ್ಕೆ ಬೈಯಲು ಬಾರದು. ಆದ್ದರಿಂದಲೇ ಹೊತ್ತು ಮೀರಿ ಬಂದವರು ದಿಡ್ಡಿಯ ಮುಂದೆ ನಿಂತು ಬಾಗಿಲು ಕಾಯುವವರನ್ನು ಬೈಯಬೇಕೆಂದು ಹಿಂದಿನವರು ಕಟ್ಟು ಮಾಡಿದರು.

ಒಂದು ಸಲ ಎಡವಟ್ಟಾಯಿತು. ಗಾಡಿಯವರು ಎತ್ತುಗಳನ್ನು ಗದರಿಸುವುದನ್ನು ಕೇಳಿ ಕಲಿತ ಹೊರಗಿನದು, "ಏ ಕತ್ತೆ, ಬಾಗಿಲು ತೆಗೆಯೋ" ಎಂದಿತಂತೆ. ಆಗಿನ ಬಾಗಿಲಿನವನು ಬೈಗುಳ ಬಂತಲ್ಲ ಎಂದು ತೆಗೆದುಬಿಟ್ಟ. ದಿಡ್ಡಿಯಿಂದ ಶುರುವಾಗುವ ಮೊದಲನೆಯ ಬೀದಿಗೆ ಖಾಲಿಬೀದಿ ಎಂಬ ಹೆಸರು ಬಂದದ್ದು ಆಮೇಲೆ. ಮನೆಗಳು ಹಾಗೆಯೇ ಇವೆ. ಒಂದು ಜಗಲಿಯ ಮೇಲೆ ಮಗುವೊಂದರ ಮರದ ಕುದುರೆ ಇನ್ನೂ ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ಯಾರೂ ಮುಟ್ಟಿಲ್ಲ.

ಅಂದಿನಿಂದ ಬರೀ ಬೈಗುಳ ಸಾಲದು, ಮನೆಬೈಗುಳ ಬೇಕು. ಕತ್ತೆ, ಕೋಣ, ಹಂದಿ ಎಂದರೆ ನಡೆಯದು. ಜೊತೆಯಲ್ಲಿ ಬಾಳಿದವರಿಗೆ ಮಾತ್ರ ಗೊತ್ತಿರುವ ಒಂದು ತಪ್ಪನ್ನು ಎತ್ತಿ ಆಡಬೇಕು. ಒಮ್ಮೆ ಬೈದ ತಪ್ಪನ್ನು ಎರಡನೆಯ ಸಲ ತರುವಂತಿಲ್ಲ. ಅದು ಆಗಲೇ ಹೊರಗಿನದರ ಕಿವಿಗೆ ಬಿದ್ದಿರುತ್ತದೆ. ಪ್ರತಿ ಸಲವೂ ಹೊಸದೇ ಆಗಬೇಕು.

ಬಾಗಿಲಕ್ಕನ ದುಡಿಮೆ ಇರುವುದು ಇಲ್ಲಿ. ಹಗಲೆಲ್ಲ ಅವಳು ಊರು ಸುತ್ತಿ, ಹೊರಗೆ ಓಡಾಡುವ ಒಬ್ಬೊಬ್ಬರಿಗೂ ಒಂದೊಂದು ತಪ್ಪು ಮಾಡಿಟ್ಟು ಬರುತ್ತಾಳೆ. ಸೌದೆಯವನ ಸೌದೆ ಹಸಿ ಎಂದು ನಾಲ್ಕು ಮನೆಯಲ್ಲಿ ಹೇಳುತ್ತಾಳೆ. ಅಗಸಗಿತ್ತಿಯ ಗಂಟನ್ನು ಒಂದು ಮನೆಯದು ಇನ್ನೊಂದು ಮನೆಗೆ ಅದಲುಬದಲು ಮಾಡುತ್ತಾಳೆ. ಸಂಜೆ ದಿಡ್ಡಿಯ ಮುಂದೆ ಅದೆಲ್ಲ ಫಲ ಕೊಡುತ್ತದೆ.

"ಏನಕ್ಕಾ, ಕಿವಿಗೆ ಹತ್ತಿ ತುರುಕ್ಕೊಂಡಿದ್ದೀಯಾ?" ಎಂದು ಸೌದೆಯವನು ಗುಡುಗುತ್ತಾನೆ. "ನನ್ನ ಸೌದೆ ಹಸಿಯಂತೆ! ಒಲೆ ಊದೋಕೆ ಬರದೆ ಇರೋಳಿಗೆ ಯಾವ ಸೌದೆಯಾದ್ರೇನು!"

"ಬಾಪ್ಪಾ ಬಾ, ನೀನೇ," ಎಂದು ಬಾಗಿಲಕ್ಕ ಅಗುಳಿ ಎಳೆಯುತ್ತಾಳೆ.

ಶಾಲೆಯ ಮೇಷ್ಟ್ರು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. "ತಾಯೀ, ತಾವು ನನ್ನ ಕೊಡೆಯನ್ನು ಕೋಳಿಗೂಡಿಗೆ ಹೊದಿಸಿದ್ದು ಅತ್ಯಂತ ಖಂಡನೀಯ."

"ಇದು ಬೈಗುಳವಾ ಮೇಷ್ಟ್ರೇ, ಭಾಷಣವಾ?"

"ಕೊಡೆ ತುಂಬ ತೂತು ಕಣಮ್ಮಾ, ಮನೆಹಾಳಿ!"

"ಹಾಂ, ಈಗ ಬನ್ನಿ."

ಬೈದವರು ಒಳಗೆ ಬಂದು ಅವಳ ಒಲೆಯ ಮುಂದೆ ಕೈ ಕಾಯಿಸಿಕೊಂಡೇ ಮನೆಗೆ ಹೋಗುವುದು. ಬೈದದ್ದಕ್ಕೆ ಯಾರೂ ಮುಖ ಗಂಟು ಹಾಕಿಕೊಳ್ಳುವುದಿಲ್ಲ. ಮನೆಬೈಗುಳ ಗೊತ್ತಿರದ ಪರವೂರಿನವರು ಹಗಲೇ ಬಂದು ಹಗಲೇ ಹೊರಟುಬಿಡುತ್ತಾರೆ.

ಬಾಗಿಲಕ್ಕ ಹುಟ್ಟಿದ್ದು ಈ ಊರಿನಲ್ಲಲ್ಲ. ಮಂಜು ಇಲ್ಲದ, ಯಾರೂ ದನಿ ಎತ್ತಿ ಮಾತಾಡದ ಒಂದು ಊರಿನಿಂದ ಸೊಸೆಯಾಗಿ ಬಂದವಳು. ಆಗ ದಿಡ್ಡಿ ಕಾಯುತ್ತಿದ್ದವಳು ಅವಳ ಅತ್ತೆ. ಬಂದ ಮರುದಿನ ಸಂಜೆಯೇ ಅತ್ತೆ ಅವಳನ್ನು ದಿಡ್ಡಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಒಬ್ಬ ಅರಚಿದ: "ಏನಮ್ಮಾ ಹೊಸ ಸೊಸೆ! ಬಂದು ಒಂದು ದಿನ ಆಗಿಲ್ಲ, ಬಾವಿಕಟ್ಟೆ ಮೇಲೆ ಕೊಡ ಬಿಟ್ಟು ದಾರಿಗೆ ಅಡ್ಡ ಹಾಕಿದ್ದೀಯಲ್ಲ, ನಿಮ್ಮಪ್ಪ ಕಟ್ಟಿಸಿದ ಬಾವಿನಾ?"

ಹುಡುಗಿ ಗಳಗಳನೆ ಅತ್ತಳು.

"ಯಾಕೇ ಅಳ್ತೀಯ?" ಎಂದಳು ಅತ್ತೆ, ಅಗುಳಿ ಎಳೆಯುತ್ತ. "ಆ ಕೊಡ ಅಲ್ಲಿ ಇಟ್ಟವಳು ನಾನು. ನಿನ್ನ ಹೆಸರಲ್ಲಿ ಒಂದು ಬೈಗುಳ ಹುಟ್ಟಲಿ ಅಂತ. ಇವತ್ತಿಂದ ನೀನು ಈ ಊರವಳು. ಮೂಗು ಒರೆಸ್ಕೋ, ಅವನು ಬರ್ತಾನೆ, ಕೈ ಕಾಯಿಸೋಕೆ ಜಾಗ ಬಿಡು."

ಅತ್ತೆಯ ಬಾಯಿ ಊರಿಗೇ ಹೆಸರಾದದ್ದು. ಅವಳು ಬೈಯಲು ಶುರುಮಾಡಿದರೆ ಬುರುಜಿನ ಕಾಗೆ ಹಾರಿಹೋಗುತ್ತಿತ್ತು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ, ಬಾಗಿಲಕ್ಕನ ಗಂಡ, ಕಲ್ಲಿಗೂ ಗದರದವನು. ಕರಣೆ ಹಿಡಿದು ಕೋಟೆಗೋಡೆಗೆ ಗಾರೆ ಮೆತ್ತುವ ಕೆಲಸ ಅವನದು, ಊರಿಗೆಲ್ಲ ಗಾರೆಯಣ್ಣ. ಕಲ್ಲು ಕೂರಿಸುವಾಗ, "ಸ್ವಲ್ಪ ಈ ಕಡೆ ಸರಿ. ಹಾಂ, ಅಷ್ಟೇ. ಸುಖವಾಗಿ ಕೂತ್ಕೋ," ಎನ್ನುತ್ತಿದ್ದ. ಊಟಕ್ಕೆ ಉಪ್ಪು ಹೆಚ್ಚಾದರೆ ಎರಡು ಚೊಂಬು ನೀರು ಕುಡಿದು, "ಇವತ್ತು ಯಾಕೋ ಬಾಯಾರಿಕೆ ಜಾಸ್ತಿ," ಎನ್ನುತ್ತಿದ್ದ. ಅವನ ತುತ್ತತುದಿಯ ಸಿಟ್ಟೆಂದರೆ ಇಷ್ಟೇ.

ಅತ್ತೆಗೆ ಇದ್ದದ್ದು ಒಂದೇ ಚಿಂತೆ. ಒಂದಲ್ಲ ಒಂದು ದಿನ ಇವನು ಹೊತ್ತು ಮೀರಿ ಹೊರಗೆ ಉಳಿದರೆ?

"ನಿನ್ನ ಮಾತಿಗೂ ಹೊರಗಿನದರ ಮಾತಿಗೂ ಏನೋ ವ್ಯತ್ಯಾಸ?" ಎಂದು ಮಗನನ್ನು ಕೂರಿಸಿಕೊಂಡು ಕೇಳುತ್ತಿದ್ದಳು. "ನೀನು ಬೈದ ಹೊರತು ಹೆತ್ತವಳಾಗಿ ನಾನೂ ತೆಗೆಯಲ್ಲ, ತಿಳ್ಕೋ. ಎಲ್ಲಿ, ಹೆಂಡತಿ ಎದುರಿಗೇ ಇದ್ದಾಳೆ. ಬೈಯಿ ನೋಡೋಣ."

ಅವನು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. "ನೀನು... ನೀನು ಬಹಳ..."

"ಹಾಂ, ಬಹಳ?" ಅತ್ತೆ ಮುಂದಕ್ಕೆ ಬಾಗಿದಳು.

"ಬಹಳ ದಣಿದಿದ್ದೀಯ ಇವತ್ತು. ಕೂತ್ಕೋ, ನೀರು ನಾನು ತರ್ತೀನಿ."

ಅತ್ತೆ ಹಣೆ ಚಚ್ಚಿಕೊಂಡಳು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಆ ರಾತ್ರಿ ಅವಳಿಗೂ ಆ ಚಿಂತೆ ಅಂಟಿಕೊಂಡಿತು.

ಅದಕ್ಕೇ ಗಾರೆಯಣ್ಣ ಎಲ್ಲರಿಗಿಂತ ಮೊದಲು ಒಳಗೆ ಬಂದುಬಿಡುತ್ತಿದ್ದ. "ಗಾರೆಯಣ್ಣ ಕರಣೆ ತೊಳೆದ ಅಂದ್ರೆ ಸಂಜೆ ಆಯ್ತು ಅಂತ ಲೆಕ್ಕ," ಎಂದು ಆಳುಗಳು ನಗುತ್ತಿದ್ದರು. ಅವನು ಕೋಣೆಗೆ ಬಂದು ಮಾಡುತ್ತಿದ್ದ ಒಂದೇ ತಕರಾರು ಅಗುಳಿಯದು. ದಿಡ್ಡಿಯ ಅಗುಳಿ ತೊಡೆ ದಪ್ಪದ ಮರದ ತೊಲೆ. ಅವನೇ ಕಡೆದ ಕಲ್ಲಿನ ಗೂಡಿನಲ್ಲಿ ಜಾರುತ್ತದೆ. ಎಳೆದರೆ ಹಂದಿಮರಿ ಕಿರುಚಿದ ಹಾಗೆ ಸದ್ದು. "ಒಂದಿಷ್ಟು ಎಣ್ಣೆ ಬಿಡಲಾ?" ಎಂದು ಕೇಳುತ್ತಿದ್ದ. ಹೆಂಡತಿ ಬೇಡ ಎಂದರೆ ಸುಮ್ಮನಾಗುತ್ತಿದ್ದ.

ಅತ್ತೆ ಕೊನೆಯ ಕಾಯಿಲೆಯಲ್ಲಿ ಮಲಗಿದಾಗ ಸೊಸೆಯನ್ನು ಹತ್ತಿರ ಕರೆದಳು. "ಇನ್ನು ಮೇಲೆ ನಾನು ಹೊರಗಿನಿಂದ ಕರೀತೀನಿ. ಚಿನ್ನ ಅಂತೀನಿ, ಬಂಗಾರ ಅಂತೀನಿ. ಮೋಸ ಹೋಗಬೇಡ. ಯಾವತ್ತಾದ್ರೂ ನಿನ್ನನ್ನ ಹಾಗೆ ಕರೆದಿದ್ದೀನಾ?"

"ಇಲ್ಲ ಅತ್ತೆ."

"ಮತ್ತೆ!" ಎಂದು ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ ಗೋಡೆಗೆ ಹೇಳುವವಳಂತೆ ಹೇಳಿದಳು: "ಕರೆಯೋ ಆಸೆ ಇರಲಿಲ್ಲ ಅಂತಲ್ಲ. ಒಂದು ಸಲ ಕರೆದಿದ್ರೆ ಆಮೇಲೆ ನಿನಗೆ ನನ್ನ ಗುರುತು ಹೇಗೆ ಹತ್ತಬೇಕು?"

ಹೇಳಿದ ಹಾಗೆಯೇ ಆಯಿತು. ಕೆಲವು ದಿನಗಳ ಮೇಲೆ, ಮಂಜು ಗೋಡೆ ಮುಟ್ಟಿದ ಹೊತ್ತಿನಲ್ಲಿ, ಅತ್ತೆಯ ದನಿ ದಿಡ್ಡಿಯಾಚೆಯಿಂದ ಚಿನ್ನ ಎಂದಿತು. ಬಾಗಿಲಕ್ಕ ಮೊಣಕಾಲಿಗೆ ಗಲ್ಲವಿಟ್ಟು ಅದನ್ನು ಕೊನೆಯವರೆಗೂ ಕೇಳಿದಳು. ಕಣ್ಣು ಒರೆಸಿಕೊಂಡು, "ಕೇಳೋಕೆ ಚೆನ್ನಾಗಿದೆ," ಎಂದಳು. "ಆದ್ರೆ ನಮ್ಮತ್ತೆ ಹೀಗೆ ಮಾತಾಡಿದ್ರೆ ನಾನು ಅಲ್ಲೇ ಎದೆಯೊಡೆದು ಬೀಳ್ತಿದ್ದೆ. ಹೋಗು."

ಅಂದಿನಿಂದ ದಿಡ್ಡಿ ಅವಳದಾಯಿತು, ಅತ್ತೆಯ ಚಿಂತೆಯೂ.

ಅತ್ತೆ ಹೆದರಿದ್ದ ಸಂಜೆ ಬಂದದ್ದು ಬಹಳ ವರ್ಷಗಳ ಮೇಲೆ, ಇಬ್ಬರ ತಲೆಯಲ್ಲೂ ಬಿಳಿ ಕೂದಲು ಇಣುಕುವ ಹೊತ್ತಿಗೆ. ಮೂಡಣ ಬುರುಜಿನ ಬುಡದಲ್ಲಿ ನೀರು ಜಿನುಗಿ ಒಂದು ಕಲ್ಲು ಸಡಿಲವಾಗಿತ್ತು. ಅದನ್ನು ಹೊರಗಿನಿಂದಲೇ ಕೂರಿಸಬೇಕು. ಅಂದು ಮಂಜು ಬೇಗ ಎದ್ದಿತು. ಆಳುಗಳು, "ನಾಳೆ ನೋಡೋಣ ಬಾಣ್ಣ," ಎಂದು ಹೊರಟರು.

"ನೀವು ನಡೀರಪ್ಪ. ಒಂದೆರಡು ಕರಣೆ ಗಾರೆ ಇಟ್ಟು ಬಂದೇ ಬಿಟ್ಟೆ. ಪಾಪ, ಅಲ್ಲಾಡ್ತಾ ಇದೆ."

ಅವನು ಪಾಪ ಎಂದ ಕಲ್ಲೇ ಜಾರಿ ಅವನ ಪಾದದ ಮೇಲೆ ಕೂತಿತು. ಕಾಲು ಬಿಡಿಸಿಕೊಂಡು, ಗೋಡೆ ತಡವುತ್ತ, ಕುಂಟುತ್ತ ಅವನು ಬಾಗಿಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿ ನಿಂತಿತ್ತು.

ಒಳಗೆ ಬಂದ ಆಳುಗಳ ಮುಖವನ್ನು ಬಾಗಿಲಕ್ಕ ಒಂದೊಂದಾಗಿ ನೋಡಿದ್ದಳು, ಗಂಡನದು ಇರಲಿಲ್ಲ. ಆದರೂ ದೊಡ್ಡ ಬಾಗಿಲು ಮುಚ್ಚಿದಳು. ದಿಡ್ಡಿಗೆ ಕಿವಿಯಿಟ್ಟು ನಿಂತಳು.

"ನಾನು ಕಣೇ," ಎಂದಿತು ಗಂಡನ ದನಿ. "ಸ್ವಲ್ಪ ತಡವಾಯ್ತು. ಬಾಗಿಲು ತೆಗೀತೀಯಾ? ಅವಸರ ಏನಿಲ್ಲ."

ಅವಸರ ಏನಿಲ್ಲ ಎಂಬ ಮಾತು ಕೇಳಿದ್ದೇ ಅವಳ ಕೈ ಅಗುಳಿಗೆ ಹೋಯಿತು. ಇನ್ನಾರು ಹಾಗೆನ್ನುತ್ತಾರೆ? ಅಷ್ಟರಲ್ಲಿ ಒಂದು ಮಾರು ಆಚೆಯಿಂದ ಅದೇ ದನಿ, ಅದೇ ಏರಿಳಿತ:

"ನಾನು ಕಣೇ. ಅವಸರ ಏನಿಲ್ಲ."

ಅವಳು ಕೈ ಹಿಂದಕ್ಕೆ ತೆಗೆದಳು. ಗಂಟೆಯಜ್ಜ ಬುರುಜಿನಿಂದ ಇಳಿದು ಬಂದು ಅವಳ ಪಕ್ಕದಲ್ಲಿ ನಿಂತ. ಗಾರೆಯಣ್ಣ ಮಗುವಾಗಿದ್ದಾಗ ಹೆಗಲ ಮೇಲೆ ಹೊತ್ತು ಆಡಿಸಿದವನು ಈ ಮುದುಕ.

"ಎರಡು ದನಿ ಇದೆಯಲ್ಲ ಮಗಳೇ."

"ಕೇಳಿಸ್ತಾ ಇದೆ ಅಜ್ಜ."

"ಎರಡೂ ಅವನಲ್ಲದೆ ಇರಬಹುದು."

ಅವಳು ಬಾಗಿಲಿಗೆ ಬಾಯಿಟ್ಟು, "ರೀ, ಬೈಯಿರಿ," ಎಂದಳು.

"ಏನಂತ ಬೈಯಲಿ?"

"ಏನಂತ ಬೈಯಲಿ?"

"ನಿಮ್ಮ ಮಟ್ಟಗೋಲು ಮುರಿದು ಒಲೆಗೆ ಹಾಕಿದೆ! ನಿಮ್ಮಪ್ಪನ ಕಾಲದ್ದು! ಸುಟ್ಟು ಬೂದಿಯಾಯ್ತು!"

ಬಾಗಿಲಕ್ಕ ದಿಡ್ಡಿಗೆ ಕಿವಿ ಒತ್ತಿದಳು.

"ಹೋಗಲಿ ಬಿಡು, ಹಳೇದಾಗಿತ್ತು. ಕೈ ಸುಟ್ಕೊಂಡಿಲ್ಲ ತಾನೆ?"

"ಕೈ ಸುಟ್ಕೊಂಡಿಲ್ಲ ತಾನೆ?" ಎಂದಿತು ಇನ್ನೊಂದು.

"ನೀವು ಕಟ್ಟಿದ ಗೋಡೆ ಸೊಟ್ಟ! ಊರೆಲ್ಲ ಬೆನ್ನ ಹಿಂದೆ ನಗುತ್ತೆ!"

"ಇರಬಹುದು. ಬೆಳಿಗ್ಗೆ ನೋಡ್ತೀನಿ."

ಮಂಜಿನಲ್ಲಿ ಕೂತವನಿಗೆ ಬೆಳಿಗ್ಗೆ ಎಲ್ಲಿಯದು? ಗಂಟೆಯಜ್ಜನಿಗೆ ತಡೆಯಲಾಗಲಿಲ್ಲ. "ಇವನ ಒಳ್ಳೆತನಕ್ಕೆ ಬೆಂಕಿ ಹಾಕ! ಲೋ ಗಾರೆ, ಅವಳನ್ನ ಆಗದಿದ್ರೆ ನನ್ನನ್ನಾದ್ರೂ ಬೈಯೋ! ನಿನ್ನ ಮದುವೆಯಲ್ಲಿ ನಿನ್ನ ಹೊಸ ಚಪ್ಪಲಿ ಕದ್ದವನು ನಾನೇ ಕಣೋ!"

"ಗೊತ್ತಿತ್ತು ಅಜ್ಜ. ನಿಮ್ಮ ಕಾಲಿಗೆ ಸರಿಯಾಗಿತ್ತಲ್ಲ, ಸುಮ್ಮನಿದ್ದೆ. ಕೆಮ್ಮು ಹೇಗಿದೆ ಈಗ?"

"ಕೆಮ್ಮು ಹೇಗಿದೆ ಈಗ?" ಎಂದು ಮಂಜು ಕೇಳಿತು.

ಮುದುಕ ತಲೆಯ ಮೇಲೆ ಕೈಹೊತ್ತು ಕಲ್ಲಿನ ಮೇಲೆ ಕೂತ.

ಆಮೇಲೆ ದನಿ ಬಹಳ ಮೆಲ್ಲಗೆ ಬಂತು. ಬಾಗಿಲಿಗೆ ಹತ್ತಿರವಾಗಿ, ಕೂತವರ ದನಿ. "ಆಗ್ತಾ ಇಲ್ಲ ಕಣೇ. ಬೈಯೋಕೆ ಅಂತ ಬಾಯಿ ತೆಗೀತೀನಿ, ನೀನು ಕಣ್ಣ ಮುಂದೆ ಬರ್ತೀಯ. ಹೋಗಿ ಮಲಕ್ಕೋ, ಚಳಿ ಇದೆ. ನಾನು ಇಲ್ಲೇ ಗೋಡೆಗೆ ಒರಗಿ ಕೂತಿರ್ತೀನಿ. ನಾನೇ ಕಟ್ಟಿದ್ದಲ್ವಾ, ಇದಕ್ಕೆ ನಾನೇನು ಹೊಸಬನಲ್ಲ."

"ನಾನೇನು ಹೊಸಬನಲ್ಲ," ಎಂದಿತು ಇನ್ನೊಂದು, ಅಷ್ಟೇ ಹತ್ತಿರದಿಂದ.

ಬಾಗಿಲಕ್ಕ ನೆಟ್ಟಗೆ ನಿಂತಳು. ಕಂದೀಲನ್ನು ಎತ್ತಿಕೊಂಡು ಗಂಟೆಯಜ್ಜನ ಕೈಗೆ ಕೊಟ್ಟಳು.

"ಅಜ್ಜ, ನಾನು ಹೊರಗೆ ಕಾಲಿಟ್ಟ ಕೂಡಲೇ ಅಗುಳಿ ತಳ್ಳಿಬಿಡಿ. ನಾನು ಕರೆದರೂ ತೆಗೀಬೇಡಿ."

"ಏನಮ್ಮಾ ಇದು? ಬೇಡ, ಮಗಳೇ—"

"ಅವರು ಒಳಗೆ ಬರೋಕಾಗಲ್ಲ. ನಾನು ಹೊರಗೆ ಹೋಗಬಹುದಲ್ಲ." ಬಾಗಿಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ರೀ, ನಾನೇ ಬರ್ತಾ ಇದ್ದೀನಿ. ಇಬ್ಬರೂ ಒಟ್ಟಿಗೆ ಕೂರೋಣ."

ಎರಡೂ ಕೈಯಿಂದ ಅಗುಳಿ ಹಿಡಿದು ಎಳೆದಳು. ಎಣ್ಣೆ ಕಾಣದ ಮರ ಕಲ್ಲಿನ ಗೂಡಿನಲ್ಲಿ ಕಿರುಚಿತು.

"ಬಾ," ಎಂದಿತು ಒಂದು ದನಿ. "ಬಾ, ಬಾ. ಹೊರಗೆ ಬಾ ಬಂಗಾರ."

"ಏಯ್!" ಎಂದಿತು ಇನ್ನೊಂದು. ಅಂಥ ದನಿಯನ್ನು ಬಾಗಿಲಕ್ಕ ಅಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. "ಮುಟ್ಟಿದ್ರೆ ನೋಡು ಅಗುಳಿನ! ಬುದ್ಧಿ ನೆಟ್ಟಗಿದೆಯೇನೇ ನಿನಗೆ? ಹೊರಗೆ ಬರ್ತಾಳಂತೆ ಹೊರಗೆ! ತಲೆಗೆ ಒಂದು ಬಟ್ಟೆ ಕಟ್ಕೊಳ್ಳೋಕೆ ಬರಲ್ಲ, ಮಂಜಿಗೆ ಬರ್ತಾಳಂತೆ! ಒಂದು ದಿನ ನನ್ನ ಮಾತು ಕೇಳಿದ್ದೀಯಾ? ಎಣ್ಣೆ ಬಿಡ್ತೀನಿ ಅಂದ್ರೆ ಬೇಡ! ಒದ್ದೆ ಬಟ್ಟೆ ತಂದು ನನ್ನ ಕರಣೆ ಮೇಲೆ ಹಾಕ್ತೀಯ, ತುಕ್ಕು ಹಿಡಿದು ಸಾಯ್ತಾ ಇದೆ ಅದು! ಹೇಳಿಲ್ಲ ನಾನು, ಹೌದು, ಹೇಳಿಲ್ಲ, ನಿನಗೇ ತಿಳೀಬೇಡ್ವಾ? ದಿನಾ ಊಟಕ್ಕೆ ಉಪ್ಪು ಸುರೀತೀಯ, ದಿನಾ! ಚೊಂಬುಗಟ್ಟಲೆ ನೀರು ಕುಡಿದು ರಾತ್ರಿಯೆಲ್ಲ ಏಳೋನು ನಾನು! ಹೆಪ್ಪುಗಟ್ಟಿದ ಕಾಲು ತಂದು ನನ್ನ ಬೆನ್ನಿಗೆ ಇಡ್ತೀಯ! ಅಮ್ಮ ಹೇಳ್ತಿದ್ದದ್ದು ಸರಿ, ನಿನ್ನದು ಮೊಂಡು, ಬರೀ ಮೊಂಡು! ತೆಗೀಬೇಡ! ಕೇಳಿಸ್ತಾ? ತೆಗೀಬೇಡ ಅಂದ್ರೆ ತೆಗೀಬೇಡ!"

ಬಾಗಿಲಕ್ಕ ತೆಗೆದಳು.

ದಿಡ್ಡಿಗೆ ಒರಗಿ ಕೂತಿದ್ದವನು ಹಿಂದಕ್ಕೆ ಅವಳ ಕಾಲಮೇಲೆಯೇ ಉರುಳಿದ. ಗಂಟೆಯಜ್ಜ ಅವನ ರಟ್ಟೆ ಹಿಡಿದು ಒಳಗೆಳೆದ. ಅವಳು ಭುಜ ಕೊಟ್ಟು ಬಾಗಿಲು ನೂಕಿ ಅಗುಳಿ ತಳ್ಳಿದಳು. ಆಚೆ ಒಂದು ದನಿ ಬಹಳ ಹೊತ್ತು ಬಾ, ಬಾ ಎನ್ನುತ್ತಲೇ ಇತ್ತು.

ಬಿಸಿನೀರಿನಲ್ಲಿ ಅವನ ಪಾದ ತೊಳೆಯುವಾಗ ಅವನು ಮಗುವಿನ ಹಾಗೆ ಅಳುತ್ತಿದ್ದ. ನೋವಿಗಲ್ಲ.

"ಬೈದುಬಿಟ್ಟೆನಲ್ಲೇ. ಏನೇನೋ ಅಂದೆ."

"ಉಪ್ಪು ದಿನಾ ಜಾಸ್ತಿನಾ?"

"ಇಲ್ಲ, ಇಲ್ಲ. ಯಾವತ್ತೋ ಒಂದೊಂದು ದಿನ."

"ನಿಜ ಹೇಳಿ."

"ದಿನಾ," ಎಂದ ಅವನು, ತಲೆ ತಗ್ಗಿಸಿ.

ಬಾಗಿಲಕ್ಕ ಒದ್ದೆ ಬಟ್ಟೆ ಹಿಂಡಿದಳು. "ಇನ್ನೇನು ಅಂದ್ಕೊಂಡ್ರಿ? ಊರಿಗೆಲ್ಲ ಒಂದೊಂದು ತಪ್ಪು ಮಾಡಿಡ್ತೀನಿ, ಕಟ್ಟಿಕೊಂಡ ಗಂಡನಿಗೆ ಮಾಡಿಡಲ್ವಾ? ಮದುವೆಯಾದ ವರ್ಷದಿಂದ ಉಪ್ಪು ಹಾಕ್ತಾ ಇದ್ದೀನಿ. ಇವತ್ತು ಬೈತಾರೆ, ನಾಳೆ ಬೈತಾರೆ ಅಂತ. ನೀವು ನೀರು ಕುಡಿದು ಮಲಗ್ತೀರ. ಅದೇ ಉಪ್ಪನ್ನ ನಾನೂ ತಿಂದಿಲ್ವಾ?"

ಅವನು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. "ಕರಣೆ?"

"ಅದೂ."

"ತಣ್ಣನೆ ಕಾಲು?"

"ಅದು ಮಾತ್ರ ದೇವರು ಕೊಟ್ಟದ್ದು."

ಗಂಟೆಯಜ್ಜ ನಗಲು ಹೋಗಿ ಕೆಮ್ಮಿದ, ಕೆಮ್ಮಲು ಹೋಗಿ ನಕ್ಕ. ಕಣ್ಣೀರು ಒರೆಸಿಕೊಂಡು ಕೇಳಿದ: "ನಿಜ ಹೇಳು ಮಗಳೇ, ಹೊರಗೆ ಹೋಗೇಬಿಡ್ತಿದ್ದೆಯಾ? ಇಲ್ಲ, ಇವನ ಬಾಯಿ ಬಿಡಿಸೋಕೆ ಹೂಡಿದ ಆಟವಾ?"

"ನೀರು ಆರ್ತಾ ಇದೆ ಅಜ್ಜ," ಎಂದಳು ಅವಳು. "ಆ ಚೊಂಬು ಇಲ್ಲಿ ಕೊಡಿ."

ಮರುದಿನ ಊಟಕ್ಕೆ ಉಪ್ಪು ಹದವಾಗಿತ್ತು. ಗಾರೆಯಣ್ಣ ಒಂದು ತುತ್ತು ಬಾಯಿಗಿಟ್ಟು, "ಯಾಕೋ ಸಪ್ಪೆ," ಎಂದುಬಿಟ್ಟ. ಆಮೇಲೆ ಹೆದರಿ ನಾಲಗೆ ಕಚ್ಚಿಕೊಂಡ. ಕರಣೆಗೆ ಗೋಡೆಯಲ್ಲಿ ಬೇರೆ ಗೂಟ ಬಂತು. ಅಗುಳಿಗೆ ಎಣ್ಣೆ ಬೀಳಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಕುಂಟುಗಾಲಿನವನಿಗೆ ಹೊರಗಿನ ಕೆಲಸ ಬಿಟ್ಟುಹೋಯಿತು. ಒಳಗೋಡೆಗೆ ಗಾರೆ ಮೆತ್ತುತ್ತ, ಕಲ್ಲುಗಳನ್ನು ವಿಚಾರಿಸಿಕೊಳ್ಳುತ್ತ ಉಳಿದ ವರ್ಷಗಳನ್ನು ಕಳೆದ. ಅವಳನ್ನು ಮತ್ತೆ ಎಂದೂ ಬೈಯಲಿಲ್ಲ. ಚಳಿಯ ರಾತ್ರಿಗಳಲ್ಲಿ ಅವಳು ಕಾಲು ದೂರ ಇಟ್ಟುಕೊಂಡರೆ ತಾನೇ ಬೆನ್ನನ್ನು ಹತ್ತಿರ ತರುತ್ತಿದ್ದ.

ಹೋದ ವರ್ಷ ಅವನು ಆ ಮಂಚದ ಮೇಲೆಯೇ, ನಿದ್ದೆಯಲ್ಲಿ ಹೋದ.

ಊರು ಅವಳಿಗಾಗಿ ಹೆದರಿತು. ಅತ್ತೆಯ ದನಿಯಾದರೆ ಚಿನ್ನ ಎಂದಾಗಲೇ ಸುಳ್ಳು ಬಯಲಾಗುತ್ತಿತ್ತು. ಆದರೆ ಅವನ ದನಿ? ಅವನು ಮಾತಾಡುತ್ತಿದ್ದದ್ದೇ ಹಾಗೆ. ಸೌದೆಯವನು ಬಂದು, "ಅಕ್ಕಾ, ಸ್ವಲ್ಪ ದಿನ ದಿಡ್ಡಿ ನಾನು ನೋಡ್ಕೋತೀನಿ, ನೀನು ಒಳಬೀದಿಗೆ ಹೋಗಿರು," ಎಂದ. "ಒಲೆ ಊದೋಕೆ ಬರದವಳು ಅಂತ ನನ್ನನ್ನ ಅಂದವನು ನೀನು. ನಿನ್ನ ಕೈಗೆ ಬಾಗಿಲು ಕೊಡ್ತೀನಾ?" ಎಂದು ಅವನನ್ನು ಅಟ್ಟಿದಳು.

ಆ ಸಂಜೆಯೇ ಅವನ ದನಿ ಬಂತು.

"ನಾನು ಕಣೇ. ಸ್ವಲ್ಪ ತಡವಾಯ್ತು. ಅವಸರ ಏನಿಲ್ಲ."

ಅವಳು ಕಂದೀಲಿನ ಬತ್ತಿ ತಗ್ಗಿಸಿ ದಿಡ್ಡಿಯ ಪಕ್ಕದ ಕಲ್ಲಿನ ಮೇಲೆ ಕೂತಳು. ಒಂದು ಕೈ ತನ್ನಷ್ಟಕ್ಕೆ ತಾನೇ ಅಗುಳಿಯ ಮೇಲೆ ಹೋಗಿ ಕೂತಿತು. "ಬೈಯಿರಿ," ಎಂದಳು, ಪದ್ಧತಿಯಂತೆ.

ಹೊರಗಿನದು ಆ ಹಳೆಯ ಸಂಜೆಯಲ್ಲಿ ಕೇಳಿದ್ದನ್ನೆಲ್ಲ ಇಟ್ಟುಕೊಂಡಿತ್ತು. ಒಂದೊಂದಾಗಿ, ಅವನ ದನಿಯಲ್ಲಿ, ಜೋಗುಳದ ಹಾಗೆ ಹೇಳಿತು. ತಲೆಗೆ ಒಂದು ಬಟ್ಟೆ ಕಟ್ಕೊಳ್ಳೋಕೆ ಬರಲ್ಲ. ಎಣ್ಣೆ ಬಿಡ್ತೀನಿ ಅಂದ್ರೆ ಬೇಡ. ಕರಣೆಯ ತುಕ್ಕು, ದಿನದ ಉಪ್ಪು, ಹೆಪ್ಪುಗಟ್ಟಿದ ಕಾಲು. ನಿನ್ನದು ಮೊಂಡು, ಬರೀ ಮೊಂಡು. ಬಾಗಿಲಕ್ಕ ಕಣ್ಣು ಮುಚ್ಚಿ, ತಲೆದೂಗುತ್ತ ಎಲ್ಲವನ್ನೂ ಕೇಳಿದಳು. ಒಂದು ಶಬ್ದವೂ ತಪ್ಪಿರಲಿಲ್ಲ. ಇನ್ನು ಒಂದೇ ಮಾತು ಉಳಿದಿತ್ತು, ಅಂದು ಅವನು ಕೊನೆಗೆ ಮತ್ತೆ ಮತ್ತೆ ಕೂಗಿದ್ದು. ಅವಳು ಕಾದಳು.

ಅದು ಅಲ್ಲಿಗೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, "ಬಾಗಿಲು ತೆಗಿ ಬಂಗಾರ," ಎಂದಿತು.

ಅವಳು ಅಗುಳಿಯ ಮೇಲಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೆಗಲ ಮೇಲಿದ್ದ ಬಟ್ಟೆಯನ್ನು ತಲೆಗೆ ಸುತ್ತಿ, ಕಿವಿ ಮುಚ್ಚುವಂತೆ ಬಿಗಿಯಾಗಿ ಕಟ್ಟಿದಳು. ಆಮೇಲೆ ಕೋಣೆಯ ಕಡೆಗೆ, ಗೂಟದಲ್ಲಿ ತೂಗುತ್ತಿದ್ದ ಕರಣೆಯ ಕಡೆಗೆ ತಿರುಗಿ ಮೆಲ್ಲಗೆ ಹೇಳಿದಳು:

"ತೆಗೆಯಲ್ಲ ರೀ. ಬೈಬೇಡಿ."